ಕಾಡ್ಗಿಚ್ಚಿನ ಹೊಗೆ ಬಂದಾಗ ಉಸಿರಾಟದ ತೊಂದರೆ ಇರುವ ನಾಯಿಯನ್ನು ಹೇಗೆ ನೋಡಿಕೊಳ್ಳುತ್ತೀರಿ?

ಬಸವನಗುಡಿ_ಪಗ್

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮನೆಯಲ್ಲಿ ಎಂಟು ವರ್ಷದ ಪಗ್ ಇದೆ, ಹೆಸರು ಗುಂಡ. ನಮ್ಮೂರಲ್ಲಿ ಜನ ಇನ್ನೂ ‘ಹಚ್ ನಾಯಿ’ ಅಂತಾರಲ್ಲ, ಅದೇ ಜಾತಿ. ಅವನಿಗೆ ಮೂಗಿನ ಹೊಳ್ಳೆ ಕಿರಿದು, ಒಳಗೆ ಮೆತ್ತನೆ ಅಂಗುಳು ಉದ್ದ ಅಂತ ಡಾಕ್ಟರ್ ಹೇಳಿದ್ದಾರೆ. ಮಲಗಿದರೆ ಗೊರಕೆ ಪಕ್ಕದ ರೂಮಿಗೂ ಕೇಳುತ್ತದೆ.

ನಾವು ಈ ಕಡೆ ಬಂದಿದ್ದು ಈಚೆಗೆ, ಹೊಗೆ ಸೀಸನ್ ಇನ್ನೂ ನೋಡಿಲ್ಲ. ಪಕ್ಕದ ಮನೆಯವರು 2020ರ ಸೆಪ್ಟೆಂಬರ್ 9ರ ಫೋಟೊ ತೋರಿಸಿದರು. ಹಗಲು ಹೊತ್ತಲ್ಲೇ ಆಕಾಶವೆಲ್ಲ ಕಿತ್ತಳೆ ಬಣ್ಣ. ನೋಡಿ ಹೆದರಿಕೆಯಾಯಿತು. ಏರ್ ಪ್ಯೂರಿಫೈಯರ್ ಒಂದು ಇದ್ದರೆ ಸಾಕಾ? ನಾಯಿಗೂ ಮಾಸ್ಕ್ ಸಿಗುತ್ತಂತೆ, ತಗೊಳ್ಳಲಾ? ವಾಕಿಂಗ್ ಪೂರ್ತಿ ನಿಲ್ಲಿಸಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ರಾಗಿಮುದ್ದೆ

ಪಗ್‌ಗೆ ಮಾಸ್ಕಾ? ಸಿಕ್ಕಿಸೋಕೆ ಮೂಗು ಎಲ್ಲಿದೆ ಗುರು?

ಶರಾವತಿ_ದಂಡೆ

ನಗು ಬಂತು, ಆದರೆ ರಾಗಿಮುದ್ದೆ ಹೇಳಿದ್ದೇ ಸರಿ. ನಾನು ಸ್ಯಾಕ್ರಮೆಂಟೊ ಹತ್ತಿರ ಒಂದು ಪ್ರಾಣಿಗಳ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಾಸ್ಕ್ ಬೇಡವೇ ಬೇಡ. ಎನ್95 ಕೆಲಸ ಮಾಡುವುದು ಮುಖಕ್ಕೆ ಸಂದಿಲ್ಲದ ಹಾಗೆ ಕೂತರೆ ಮಾತ್ರ. ನಾಯಿ ಮುಖಕ್ಕೆ ಅದು ಕೂರುವುದಿಲ್ಲ, ಸಂದಿಯಿಂದ ಹೊಗೆ ಒಳಗೆ ಹೋಗುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಬೇರೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬಾಯಿಗೆ ಏನಾದರೂ ಕಟ್ಟಿದರೆ ಆ ದಾರಿಯೂ ಮುಚ್ಚಿಹೋಯಿತು. ಗುಂಡನಂಥ ಚಪ್ಪಟೆ ಮೂಗಿನ ನಾಯಿಗೆ ಮೊದಲೇ ಗಾಳಿ ಎಳೆಯಲು ಕಷ್ಟ. ಒದ್ದೆ ಬಟ್ಟೆ ಕಟ್ಟುವುದೂ ಅಷ್ಟೆ, ಹೊಗೆಯ ಸಣ್ಣ ಕಣ ಅದರಲ್ಲಿ ನಿಲ್ಲುವುದಿಲ್ಲ.

ಹೊಗೆಯಲ್ಲಿ ಶ್ವಾಸಕೋಶಕ್ಕೆ ಜಾಸ್ತಿ ತೊಂದರೆ ಕೊಡುವುದು ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು. ಇವು ಮೂಗಿನ ಕೂದಲಿಗೂ ಸಿಗುವುದಿಲ್ಲ, ಗಂಟಲ ಲೋಳೆಗೂ ಸಿಗುವುದಿಲ್ಲ. ನೇರ ಒಳಗೆ ಇಳಿಯುತ್ತವೆ. ಅದಕ್ಕೇ ನಾಯಿಯ ಮುಖ ಮುಚ್ಚುವ ಯೋಚನೆ ಬಿಡಿ, ಅದು ಇರುವ ಒಂದು ರೂಮಿನ ಗಾಳಿ ಸ್ವಚ್ಛ ಮಾಡಿ. ಜೊತೆಗೆ ಆ ರೂಮು ತಂಪಾಗಿರಬೇಕು. ಈ ಎರಡನ್ನೂ ಒಟ್ಟಿಗೆ ಮಾಡುವುದೇ ಕಷ್ಟ.

ಕಾಫಿಪುಡಿ

ರೂಮಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಪೊಮೆರೇನಿಯನ್, ಶ್ವಾಸನಾಳ ಕುಸಿಯುವ ತೊಂದರೆ ಇದೆ. ಕೆಮ್ಮಿದರೆ ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ.

2018ರಲ್ಲಿ ಬಲಿಪಾಡ್ಯಮಿ ದಿನವೇ, ನವೆಂಬರ್ 8ಕ್ಕೆ, ಬ್ಯೂಟ್ ಕೌಂಟಿಯಲ್ಲಿ ಕ್ಯಾಂಪ್ ಫೈರ್ ಶುರುವಾಯಿತು. ಪ್ಯಾರಡೈಸ್ ಊರೇ ಸುಟ್ಟುಹೋಯಿತು, 85 ಜನ ಸತ್ತರು. ಅಲ್ಲಿಂದ ಸ್ಯಾನ್ ಹೋಸೆಗೆ 150 ಮೈಲಿಗಿಂತ ಜಾಸ್ತಿ ದೂರ. ಆದರೂ ನಮ್ಮ ಈ ಬೇ ಏರಿಯಾ ತುಂಬ ಹೊಗೆ ಕೂತಿತು, ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸಂಖ್ಯೆ) 200 ದಾಟಿತು, ಶಾಲೆ ಮುಚ್ಚಿದರು. ‘ಬೆಂಕಿ ನಮ್ಮ ಹತ್ತಿರ ಇಲ್ಲ’ ಅನ್ನುವ ಸಮಾಧಾನ ಇಲ್ಲಿ ನಡೆಯಲ್ಲ.

ಪ್ಯೂರಿಫೈಯರ್ ತಗೊಳ್ಳುವಾಗ ಬಣ್ಣದ ಲೈಟು, ಆ್ಯಪು ಎಲ್ಲ ಬಿಟ್ಟು ಸಿಎಡಿಆರ್, ಅಂದರೆ ಮೆಷಿನ್ ನಿಮಿಷಕ್ಕೆ ಎಷ್ಟು ಗಾಳಿ ಸ್ವಚ್ಛ ಮಾಡುತ್ತದೆ ಅನ್ನೋ ಸಂಖ್ಯೆ ನೋಡಿ. ಅದರಲ್ಲಿ ‘ಹೊಗೆ’ಗೆ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಮಾಮೂಲಿ ದಿನಕ್ಕೆ ಅದು ರೂಮಿನ ಚದರಡಿಯ ಮೂರನೇ ಎರಡು ಭಾಗ ಇದ್ದರೆ ಸಾಕು. ಕಾಡ್ಗಿಚ್ಚಿನ ಹೊಗೆಗೆ ಚದರಡಿಯಷ್ಟೇ ಇರಬೇಕು. 12ಕ್ಕೆ 15 ಅಡಿ ರೂಮು ಅಂದರೆ 180. ಚಾವಣಿ ಎತ್ತರ ಇದ್ದರೆ ಇನ್ನೂ ಜಾಸ್ತಿ. ಹಾಲ್, ಅಡುಗೆಮನೆ ಎಲ್ಲ ಒಂದೇ ಆಗಿರುವ ದೊಡ್ಡ ಜಾಗದಲ್ಲಿ ಚಿಕ್ಕ ಮೆಷಿನ್ ಇಟ್ಟರೆ ದುಡ್ಡು ದಂಡ. ಬಾಗಿಲು ಹಾಕುವಂಥ ಬೆಡ್‌ರೂಮ್ ಆರಿಸಿಕೊಳ್ಳಿ.

ಇನ್ನೊಂದು ಮಾತು. ಓಝೋನ್ ಬಿಡುವ ಮೆಷಿನ್ ಬೇಡ. ‘ಗಾಳಿ ಫ್ರೆಶ್ ಆಗುತ್ತೆ’ ಅಂತ ಮಾರುತ್ತಾರೆ. ಓಝೋನ್ ಶ್ವಾಸನಾಳಕ್ಕೆ ಉರಿ ತರಿಸುತ್ತದೆ, ಉಬ್ಬಸದ ನಾಯಿಗೆ ಇನ್ನೂ ಕೆಟ್ಟದ್ದು.

ಬೆಣ್ಣೆದೋಸೆ

ದುಡ್ಡಿದ್ದವರ ಮಾತಾಯಿತು. ಕಡಿಮೆ ಖರ್ಚಿನಲ್ಲಿ ಆಗುವುದು ಕೋರ್ಸಿ–ರೋಸೆಂತಾಲ್ ಬಾಕ್ಸ್, ಮನೆಯಲ್ಲೇ ಮಾಡಿಕೊಳ್ಳುವ ಪ್ಯೂರಿಫೈಯರ್. 2020ರಲ್ಲಿ ಕೋವಿಡ್ ಸಮಯದಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ಹೇಳಿಕೊಟ್ಟಿದ್ದು. 20 ಇಂಚಿನ ಬಾಕ್ಸ್ ಫ್ಯಾನ್, 20ಕ್ಕೆ 20ರ ನಾಲ್ಕು ಮರ್ವ್ 13 (ಸಣ್ಣ ಕಣ ಹಿಡಿಯುವ ದರ್ಜೆ) ಫಿಲ್ಟರ್, ಕೆಳಗೆ ರಟ್ಟು, ಸುತ್ತ ಡಕ್ಟ್ ಟೇಪ್. ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ. ಆದರೆ ಹೊಗೆ ಬಂದ ಮೇಲೆ ಹೋದರೆ ಫಿಲ್ಟರ್ ಇಡುವ ಕಪಾಟು ಖಾಲಿ ಇರುತ್ತದೆ. ಜೂನ್‌ನಲ್ಲೇ ತಂದಿಟ್ಟುಕೊಳ್ಳಿ.

ಅಜ್ಜಿಮನೆ_ಅಟ್ಟ

ನನ್ನ ಪ್ರಶ್ನೆ ಸ್ವಲ್ಪ ಸೂಕ್ಷ್ಮ. ಅತ್ತೆ ಊರಿಂದ ಬಂದಿದ್ದಾರೆ. ಬೆಳಗ್ಗೆ ಸಂಜೆ ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ನಮ್ಮ ಶಿಟ್ಸು ನಾಯಿಗೆ ಬ್ರಾಂಕೈಟಿಸ್ (ಶ್ವಾಸನಾಳದ ಊತ). ಹೊರಗೆ ಹೊಗೆ ಅಂತ ಕಿಟಕಿ ಎಲ್ಲ ಬಂದ್ ಮಾಡಿದರೆ ಒಳಗಿನ ಹೊಗೆ ಎಲ್ಲಿಗೆ ಹೋಗಬೇಕು? ಅತ್ತೆಗೆ ಹೇಗೆ ಹೇಳೋದು ಅಂತ ಗೊತ್ತಾಗುತ್ತಿಲ್ಲ.

ಶರಾವತಿ_ದಂಡೆ

ಅಕ್ಕಾ, ಇದು ನಮ್ಮ ಮನೆಗಳಲ್ಲಿ ನಿಜವಾಗಿ ಆಗುವ ತೊಂದರೆ. ಇಂಗ್ಲಿಷ್ ಸಲಹೆಗಳಲ್ಲಿ ‘ಮೇಣದಬತ್ತಿ ಹಚ್ಚಬೇಡಿ’ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನಮಗೆ ಬೇಕಾಗಿದ್ದು ಊದುಬತ್ತಿ, ಧೂಪ, ಕರ್ಪೂರ, ಒಗ್ಗರಣೆ. ಊದುಬತ್ತಿಯಿಂದ ಬರುವುದೂ ಅದೇ ಪಿಎಂ 2.5. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಹಾಕಿದರೆ ನಾವೇ ಕೆಮ್ಮುತ್ತೇವೆ, ಉಬ್ಬಸದ ನಾಯಿ ಬಿಟ್ಟೀತೇ?

ಹೊಗೆ ಇರುವಷ್ಟು ದಿನ ದೇವರಿಗೆ ಎಣ್ಣೆ ದೀಪ ಒಂದು, ಹೂವು, ಅಷ್ಟೇ ಸಾಕು ಅಂತ ಅತ್ತೆಯವರಿಗೆ ಹೇಳಿ. ನಾಯಿ ಹೆಸರು ಹೇಳಿದರೆ ಒಪ್ಪದಿದ್ದರೂ ‘ನಿಮ್ಮ ಎದೆಗೂ ಒಳ್ಳೆಯದಲ್ಲ’ ಅಂದರೆ ಒಪ್ಪುತ್ತಾರೆ. ಅದು ಸುಳ್ಳೂ ಅಲ್ಲ. ಅಡುಗೆಗೆ ಇಡ್ಲಿ, ಅನ್ನ ಸಾರು, ಕುಕ್ಕರ್ ಅಡುಗೆ ಮಾಡಿ. ದೋಸೆ, ಕರಿಯುವುದು, ಒಣ ಮೆಣಸಿನಕಾಯಿ ಹುರಿಯುವುದು ಬೇಡ. ಒಲೆ ಮೇಲಿನ ಫ್ಯಾನ್ ಹೊರಗೆ ಗಾಳಿ ತಳ್ಳುವಂಥದ್ದಾದರೆ ಬೇರೆ ಸಂದಿಯಿಂದ ಹೊರಗಿನ ಹೊಗೆ ಒಳಗೆ ಬರುತ್ತದೆ, ಅದಕ್ಕೇ ಅಡುಗೆ ಮುಗಿದ ಮೇಲೆ ಆರಿಸಿಬಿಡಿ. ಹೆಪಾ (ತೀರಾ ಸಣ್ಣ ಕಣ ಹಿಡಿಯುವ ಫಿಲ್ಟರ್) ಇಲ್ಲದ ವ್ಯಾಕ್ಯೂಮ್ ಕೂಡ ಬೇಡ, ಕೂತ ಧೂಳೆಲ್ಲ ಮೇಲೇಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಗಿರಿಜಕ್ಕ_ಫ್ರೀಮಾಂಟ್

ಮೂಗು ಕಟ್ಟಿದ್ದರೆ ವಿಕ್ಸ್ ಹಾಕಿ ಹಬೆ ಕೊಡಬಹುದಲ್ವಾ? ಮಕ್ಕಳಿಗೆ ಮಾಡುವ ಹಾಗೆ, ಬಾತ್‌ರೂಮಿನಲ್ಲಿ?

ಶರಾವತಿ_ದಂಡೆ

ಬೇಡ ಗಿರಿಜಕ್ಕಾ! ವಿಕ್ಸ್‌ನಲ್ಲಿ ಕರ್ಪೂರ ಇದೆ, ನೀಲಗಿರಿ ಎಣ್ಣೆ ಇದೆ. ಎರಡೂ ನಾಯಿಗೆ ವಿಷ. ಮೈಗೆ ಹಚ್ಚಿದರೆ ನೆಕ್ಕುತ್ತದೆ. ಡಿಫ್ಯೂಸರ್‌ನಲ್ಲಿ ಟೀ ಟ್ರೀ ಎಣ್ಣೆ ಹಾಕುವುದೂ ಬೇಡ. ಮನುಷ್ಯರ ಕೆಮ್ಮಿನ ಸಿರಪ್ ಅಂತೂ ಮುಟ್ಟಲೇಬೇಡಿ. ಕೆಲವದರಲ್ಲಿ ಸಕ್ಕರೆ ಬದಲು ಹಾಕುವ ಝೈಲಿಟಾಲ್ ಇರುತ್ತದೆ, ಕೆಲವದರಲ್ಲಿ ಪ್ಯಾರಾಸಿಟಮಾಲ್. ಇಲ್ಲಿ ಅದನ್ನೇ ಟೈಲೆನಾಲ್ ಅನ್ನುತ್ತಾರೆ. ಎರಡೂ ನಾಯಿಗೆ ಅಪಾಯ.

ಹೊಗೆ ಬಂದಾಗ ನಾವು ನೋಡುವ ಇನ್ನೊಂದು ಕೇಸ್ ಹೇಳುತ್ತೇನೆ. ಮನೆಯಲ್ಲಿ ಯಾರಿಗೋ ಆಸ್ತಮಾ. ಇನ್‌ಹೇಲರ್ ಸೋಫಾ ಮೇಲೆ ಬಿದ್ದಿರುತ್ತದೆ, ನಾಯಿ ಅದನ್ನು ಆಟದ ಸಾಮಾನು ಅಂತ ಕಚ್ಚುತ್ತದೆ. ಡಬ್ಬಿಗೆ ತೂತಾಗಿ ಒಳಗಿನ ಔಷಧಿ ಆಲ್ಬ್ಯುಟೆರಾಲ್ ಎಲ್ಲ ಒಂದೇ ಸಲ ಬಾಯಿಗೆ. ಎದೆಬಡಿತ ಸಿಕ್ಕಾಪಟ್ಟೆ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ತಕ್ಷಣ ಎಮರ್ಜೆನ್ಸಿಗೆ ಓಡಬೇಕು. ಇನ್‌ಹೇಲರ್ ಎತ್ತರದಲ್ಲಿಡಿ.

ಬಸವನಗುಡಿ_ಪಗ್

ತುಂಬಾ ಥ್ಯಾಂಕ್ಸ್. ವಾಕಿಂಗ್ ವಿಷಯ? ಎಕ್ಯೂಐ ಎಷ್ಟಾದರೆ ನಿಲ್ಲಿಸಬೇಕು?

ಕಾಫಿಪುಡಿ

ನಾಯಿಗೆ ಅಂತ ಬೇರೆ ಅಳತೆ ಇಲ್ಲ. ಅಮೆರಿಕದ ಎಕ್ಯೂಐ ಮನುಷ್ಯರಿಗೆ ಮಾಡಿದ್ದು. 101ರಿಂದ 150 ಕಿತ್ತಳೆ, ಅಂದರೆ ‘ಸೂಕ್ಷ್ಮ ಇರುವವರಿಗೆ ಒಳ್ಳೆಯದಲ್ಲ’. 151 ದಾಟಿದರೆ ಕೆಂಪು, ಎಲ್ಲರಿಗೂ ಒಳ್ಳೆಯದಲ್ಲ. 201ರಿಂದ ನೇರಳೆ, 301ರ ಮೇಲೆ ಅಪಾಯ. ನಾನು 150ರವರೆಗೆ ಚಿಕ್ಕ ವಾಕ್ ಮಾಡಿಸುತ್ತೇನೆ.

ಶರಾವತಿ_ದಂಡೆ

ಇಲ್ಲಿ ನನ್ನದು ಬೇರೆ ಅಭಿಪ್ರಾಯ ಸರ್. ಗುಂಡ ‘ಸೂಕ್ಷ್ಮ ಇರುವವರ’ ಪಟ್ಟಿಗೇ ಸೇರಿದವನು. ಚಪ್ಪಟೆ ಮೂಗಿನ ನಾಯಿ, ಶ್ವಾಸನಾಳ ಕುಸಿದದ್ದು, ವಯಸ್ಸಾದ ಲ್ಯಾಬ್ರಡಾರ್‌ಗಳಿಗೆ ಬರುವ ಧ್ವನಿಪೆಟ್ಟಿಗೆಯ ಪಾರ್ಶ್ವವಾಯು, ಹೃದ್ರೋಗ, ಇವರಿಗೆಲ್ಲ ಕಿತ್ತಳೆ ಶುರುವಾದ ಕೂಡಲೇ ವಾಕ್ ನಿಲ್ಲಿಸಿ. ಉಚ್ಚೆ, ಕಕ್ಕಸಿಗೆ ಕರೆದುಕೊಂಡು ಹೋಗಿ, ಮುಗಿದ ತಕ್ಷಣ ಒಳಗೆ. ಓಡಿಸಬೇಡಿ, ಬೊಗಳಿಸಬೇಡಿ. ಜೋರಾಗಿ ಉಸಿರಾಡಿದಷ್ಟೂ ಹೊಗೆ ಜಾಸ್ತಿ ಒಳಗೆ ಹೋಗುತ್ತದೆ. ಕೊರಳ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ಪಟ್ಟಿ ಗಂಟಲನ್ನು ಒತ್ತುತ್ತದೆ. ನಿಮ್ಮ ಪೊಮೆರೇನಿಯನ್‌ಗೂ ಅದೇ ಮಾತು.

ಒಳಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಮುಖದ ಮಡಿಕೆ, ಪಾದ, ಹೊಟ್ಟೆ ಒರೆಸಿ. ಪಗ್ ಮುಖದ ಮಡಿಕೆಯಲ್ಲಿ ಬೂದಿ ಕೂತರೆ ಕಣ್ಣು ಕೆಂಪಾಗುತ್ತದೆ.

ಕಾಫಿಪುಡಿ

ಒಪ್ಪಿದೆ ಮೇಡಂ. ಆದರೆ ನಮ್ಮವನು ಒಂದು ದಿನ ವಾಕ್ ಇಲ್ಲದಿದ್ದರೆ ಬಾಗಿಲ ಹತ್ತಿರ ನಿಂತು ಮನೆ ಎದ್ದುಹೋಗುವ ಹಾಗೆ ಬೊಗಳುತ್ತಾನೆ. ಅದೂ ಗಂಟಲಿಗೆ ಕೆಟ್ಟದ್ದೇ ಅಲ್ವಾ?

ಬೆಣ್ಣೆದೋಸೆ

ಟವೆಲ್ ಒಳಗೆ ಕ್ಯಾರೆಟ್ ತುಂಡು ಸುತ್ತಿ ಕೊಡಿ, ಮೂಸಿ ಹುಡುಕಲಿ. ನಮ್ಮ ಫ್ರೆಂಚ್ ಬುಲ್‌ಡಾಗ್ ಹಾಗೆ ಹುಡುಕಿ ಹುಡುಕಿ ಸುಸ್ತಾಗಿ ಮಲಗುತ್ತದೆ. ಚೆಂಡು ಎಸೆಯುವ ಆಟ ಮಾತ್ರ ಬೇಡ. ಬಾಲ್ಕನಿ ಇದ್ದರೆ ಒಂದು ಟ್ರೇನಲ್ಲಿ ಹುಲ್ಲಿನ ಚಾಪೆ ಹಾಕಿ ಅಲ್ಲೇ ಉಚ್ಚೆ ಮಾಡುವುದು ಈಗಲೇ ಕಲಿಸಿ. ಹೊಗೆ ಬಂದ ದಿನ ಕಲಿಸೋಕೆ ಹೋದರೆ ಅದು ನಿಮ್ಮ ಮುಖ ನೋಡುತ್ತಾ ನಿಂತಿರುತ್ತದೆ.

ಎಕ್ಯೂಐ ನೋಡಲು ಅಮೆರಿಕ ಸರ್ಕಾರದ ವೆಬ್‌ಸೈಟ್ ಏರ್‌ನೌನ ‘ಫೈರ್ ಆ್ಯಂಡ್ ಸ್ಮೋಕ್’ ಮ್ಯಾಪ್ ಒಳ್ಳೆಯದು. ಜನ ಮನೆ ಹೊರಗೆ ಹಾಕಿರುವ ಪರ್ಪಲ್‌ಏರ್ ಕಂಪನಿಯ ಸೆನ್ಸರ್‌ಗಳ ಅಳತೆಯನ್ನೂ ಸರಿಪಡಿಸಿ ಅದರಲ್ಲೇ ತೋರಿಸುತ್ತಾರೆ. ನೇರ ಪರ್ಪಲ್‌ಏರ್ ಮ್ಯಾಪ್ ನೋಡುವುದಾದರೆ ‘ಯುಎಸ್ ಇಪಿಎ’ ಅನ್ನುವ ಆಯ್ಕೆ ಒತ್ತಿ. ಇಲ್ಲದಿದ್ದರೆ ಕಾಡ್ಗಿಚ್ಚಿನ ಹೊಗೆಗೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ಎಡಿಸನ್_ಎಳನೀರು

ಇದು ಕ್ಯಾಲಿಫೋರ್ನಿಯಾದ ಗೋಳು ಅಂತ ನಾವು ನ್ಯೂ ಜೆರ್ಸಿಯವರು ಆರಾಮಾಗಿದ್ದೆವು. 2023ರ ಜೂನ್‌ನಲ್ಲಿ ಕ್ವಿಬೆಕ್ ಕಾಡಿನ ಹೊಗೆ ಇಲ್ಲಿಗೇ ಬಂತು. ನಮ್ಮ ಬೀದಿಯಲ್ಲಿ ಒಬ್ಬರ ಮನೆಯಲ್ಲೂ ಪ್ಯೂರಿಫೈಯರ್ ಇರಲಿಲ್ಲ. ಓದುತ್ತಾ ಇದ್ದೇನೆ, ಮುಂದುವರಿಸಿ.

ಓಕ್‌ಲ್ಯಾಂಡ್_ಒಬ್ಬಟ್ಟು

ಕಿಟಕಿ ಮುಚ್ಚಿ ಅಂತ ಎಲ್ಲರೂ ಸುಲಭವಾಗಿ ಹೇಳುತ್ತೀರಿ. ನಮ್ಮದು ಹಳೇ ಬಾಡಿಗೆ ಮನೆ, ಎಸಿ ಇಲ್ಲ. ಇಲ್ಲಿ ಎಷ್ಟೋ ಮನೆಗಳಿಗೆ ಇಲ್ಲ. 2020ರಲ್ಲಿ ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಗೆ ವಿಪರೀತ ಬಿಸಿಲು, ಅದರ ಬೆನ್ನಿಗೇ ಹೊಗೆ. ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಬೇಯುವುದು. ಚಪ್ಪಟೆ ಮೂಗಿನ ನಾಯಿಗೆ ಯಾವುದು ಹೆಚ್ಚು ಅಪಾಯ?

ಶರಾವತಿ_ದಂಡೆ

ಒಳ್ಳೇ ಪ್ರಶ್ನೆ. ಸೆಕೆ ಬೇಗ ಕೊಲ್ಲುತ್ತದೆ. ಹೊಗೆ ದಿನಗಟ್ಟಲೆ ಕಾಡುತ್ತದೆ, ಸೆಕೆ ಒಂದು ಗಂಟೆಯೊಳಗೆ ಕೆಲಸ ಮುಗಿಸಬಹುದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಸೆಕೆಗೆ ಏದುಸಿರು ಬಿಡುತ್ತಾ 104 ದಾಟಿದರೆ ಎಮರ್ಜೆನ್ಸಿ. ಪಗ್, ಬುಲ್‌ಡಾಗ್‌ಗಳು ಏದುಸಿರು ಬಿಟ್ಟಷ್ಟೂ ಗಂಟಲ ಒಳಗೆ ಊತ ಬರುತ್ತದೆ. ಊತ ಬಂದಷ್ಟೂ ಗಾಳಿ ಕಡಿಮೆ, ಗಾಳಿ ಕಡಿಮೆಯಾದಷ್ಟೂ ಮೈ ಬಿಸಿ. ಈ ಸುಳಿಯಲ್ಲಿ ಸಿಕ್ಕರೆ ಬಿಡಿಸುವುದು ಕಷ್ಟ.

ಎಸಿ ಇಲ್ಲದವರು ಬಿಸಿಲು ಬೀಳದ ರೂಮು ಆರಿಸಿಕೊಳ್ಳಿ, ಪರದೆ ಎಳೆಯಿರಿ, ಟೈಲ್ಸ್ ನೆಲ ಇದ್ದರೆ ಅಲ್ಲೇ ಮಲಗಿಸಿ. ಹೊಟ್ಟೆ, ತೊಡೆ ಸಂದಿಗೆ ತಣ್ಣೀರು ಒರೆಸಿ ಫ್ಯಾನ್ ಹಾಕಿ. ಹೊಗೆ ಕಡಿಮೆಯಾದ ಗಂಟೆ ನೋಡಿಕೊಂಡು ಕಿಟಕಿ ತೆಗೆದು ಮನೆ ತಂಪು ಮಾಡಿ, ಮತ್ತೆ ಮುಚ್ಚಿ. ಅದೂ ಆಗದಿದ್ದರೆ ಎಸಿ ಇರುವ ಸ್ನೇಹಿತರ ಮನೆಗೆ ಹೋಗಿ. ಸಂಕೋಚ ಬೇಡ.

ಕಾಫಿಪುಡಿ

ಎಸಿ ಬಗ್ಗೆ ಒಂದು ಕಿವಿಮಾತು. ಒಂದೇ ಕೊಳವೆಯ ಪೋರ್ಟಬಲ್ ಎಸಿ ರೂಮಿನ ಗಾಳಿಯನ್ನೇ ಹೊರಗೆ ತಳ್ಳುತ್ತದೆ. ಆ ಜಾಗ ತುಂಬಲು ಬಾಗಿಲ ಸಂದಿ, ಕಿಟಕಿ ಸಂದಿಯಿಂದ ಹೊರಗಿನ ಹೊಗೆ ನುಗ್ಗುತ್ತದೆ. ಹಾಕಲೇಬೇಕಾದರೆ ಅದೇ ರೂಮಿನಲ್ಲಿ ಬಾಕ್ಸ್ ಫಿಲ್ಟರ್ ಜೋರಾಗಿ ಓಡಿಸಿ. ಎರಡು ಕೊಳವೆಯದು ವಾಸಿ. ಕಿಟಕಿ ಎಸಿ ಆದರೆ ಹೊರಗಾಳಿ ಬರುವ ವೆಂಟ್ ಮುಚ್ಚಿ. ನೀರಿನ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡುತ್ತದೆ, ಹೊಗೆ ದಿನ ಅದು ಬೇಡ.

ಮನೆಗೆಲ್ಲ ಒಂದೇ ಎಸಿ ಇದ್ದರೆ ಥರ್ಮೋಸ್ಟಾಟ್‌ನಲ್ಲಿ ಫ್ಯಾನ್ ‘ಆಟೊ’ ಬಿಟ್ಟು ‘ಆನ್’ಗೆ ಹಾಕಿ, ಗಾಳಿ ಫಿಲ್ಟರ್ ಮೂಲಕ ಸುತ್ತುತ್ತಲೇ ಇರುತ್ತದೆ. ಫಿಲ್ಟರ್ ಮರ್ವ್ 13 ಆದರೆ ಒಳ್ಳೆಯದು, ಆದರೆ ಹಳೇ ಮೆಷಿನ್ ಅದನ್ನು ತಡೆಯುತ್ತಾ ಅಂತ ಕೇಳಿಕೊಂಡು ಹಾಕಿ. ಕಾರಿನಲ್ಲೂ ಒಳಗಿನ ಗಾಳಿ ಸುತ್ತುವ ಬಟನ್ ಒತ್ತಿ.

ಹುಬ್ಳಿ_ಧಾರವಾಡ_ಪೇಡಾ

ನಾನು ಪಾಸಡೀನಾದಿಂದ ಬರೀತಿದ್ದೇನ್ರಿ. 2025ರ ಜನವರಿ 7ಕ್ಕೆ ಈಟನ್ ಫೈರ್ ಹತ್ತಿತು, ಪಕ್ಕದ ಆಲ್ಟಡೀನಾದಾಗ ಸಾವಿರಾರು ಮನೆ ಸುಟ್ಟುಹೋದವು. ಕಾಡಿನ ಹೊಗೆ ಬೇರೆ, ಊರು ಸುಟ್ಟ ಹೊಗೆ ಬೇರೆ ಅಂತ ಆಗ ತಿಳೀತು. ಮನೆ, ಕಾರು, ಬ್ಯಾಟರಿ, ಹಳೇ ಪೇಂಟು ಎಲ್ಲ ಸುಟ್ಟಿರುತ್ತದೆ. ಬೂದಿಯಲ್ಲಿ ಸೀಸ ಇರಬಹುದು. ಆಕಾಶ ನೀಲಿ ಆದ ಮೇಲೂ ಅಂಗಳದ ಹುಲ್ಲಿನ ಮೇಲೆ ಬೂದಿ ಕೂತಿರುತ್ತದೆ, ನಾಯಿ ಅದನ್ನು ಮೂಸುತ್ತದೆ, ಪಾದ ನೆಕ್ಕುತ್ತದೆ. ಲೀಫ್ ಬ್ಲೋವರ್ ಹಾಕಿ ಎಬ್ಬಿಸಬ್ಯಾಡ್ರಿ. ನಾವು ನೀರು ಚಿಮುಕಿಸಿ ಒರೆಸಿದೆವು. ನಮ್ಮ ಬೋಸ್ಟನ್ ಟೆರಿಯರ್‌ಗೆ ಹೊರಗೆ ಹೋಗುವಾಗ ಬೂಟು ಹಾಕಿಸಿದೆವು. ನಡೆಯೋದು ನೋಡಿದರೆ ನಗು ತಡೆಯಲಿಕ್ಕೆ ಆಗುತ್ತಿರಲಿಲ್ಲ.

ಮನೆ ಬಿಟ್ಟು ಓಡಬೇಕಾಗಿ ಬಂದರೆ ಅಂತ ಒಂದು ಚೀಲ ಬಾಗಿಲ ಹತ್ತಿರ ಇಟ್ಟಿರ್ರಿ. ಔಷಧಿ, ಡಾಕ್ಟರ್ ಚೀಟಿ, ಲಸಿಕೆ ಕಾಗದ, ಹಾರ್ನೆಸ್, ಊಟ, ನೀರು. ಎಲ್ಲ ನಿರಾಶ್ರಿತ ಕೇಂದ್ರದಲ್ಲೂ ನಾಯಿ ಬಿಡುವುದಿಲ್ಲ, ಪಕ್ಕದಲ್ಲಿ ಬೇರೆ ಜಾಗ ಮಾಡಿರುತ್ತಾರೆ. ನಾಯಿ ಬಿಡುವ ಹೋಟೆಲ್ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ರಿ.

ರಾಗಿಮುದ್ದೆ

ಈಗ ಸೀರಿಯಸ್ ಪ್ರಶ್ನೆ. ಪಗ್ ಯಾವಾಗಲೂ ಗೊರ ಗೊರ ಅಂತಲೇ ಇರುತ್ತೆ. ತೊಂದರೆ ಶುರುವಾಗಿದೆ ಅಂತ ಗೊತ್ತಾಗೋದು ಹೇಗೆ?

ಶರಾವತಿ_ದಂಡೆ

ಶಬ್ದ ನಂಬಬೇಡಿ, ಎಣಿಸಿ. ನಾಯಿ ನಿದ್ದೆಯಲ್ಲಿರುವಾಗ ಎದೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು ಉಸಿರು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಆದರೆ ಗುಂಡನ ಮಾಮೂಲಿ ಎಷ್ಟು ಅನ್ನುವುದು ಗಾಳಿ ಚೆನ್ನಾಗಿರುವ ದಿನಗಳಲ್ಲೇ ಗೊತ್ತಿರಬೇಕು. ಈ ವಾರದಿಂದಲೇ ಎಣಿಸಿ ಬರೆದಿಡಿ. ಅವನ ಮಾಮೂಲಿ 20 ಆಗಿದ್ದು, ಹೊಗೆ ದಿನ 34 ಆದರೆ ಡಾಕ್ಟರ್‌ಗೆ ಫೋನ್ ಮಾಡಿ.

ಎಣಿಸುತ್ತಾ ಕೂರದೆ ಓಡಬೇಕಾದ ಲಕ್ಷಣಗಳೂ ಇವೆ. ಒಸಡು, ನಾಲಿಗೆ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು. ಉಸಿರಿಗೆ ಹೊಟ್ಟೆ ಒಳಕ್ಕೆ ಎಳೆಯುವುದು. ಮೊಣಕೈ ಅಗಲಿಸಿ, ಕತ್ತು ಮುಂದೆ ಚಾಚಿ ನಿಲ್ಲುವುದು. ಮಲಗಲು ಹೋಗಿ ಮತ್ತೆ ಮತ್ತೆ ಎದ್ದು ಕೂರುವುದು. ಕುಸಿದು ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಎಸಿ ಹಾಕಿದ ಕಾರಿನಲ್ಲಿ ನೇರ ಎಮರ್ಜೆನ್ಸಿ ಆಸ್ಪತ್ರೆಗೆ. ಹೊರಡುವಾಗಲೇ ಫೋನ್ ಮಾಡಿ, ಆಕ್ಸಿಜನ್ ರೆಡಿ ಇಡುತ್ತೇವೆ.

ಅಜ್ಜಿಮನೆ_ಅಟ್ಟ

ನಮ್ಮ ಶಿಟ್ಸುಗೆ ಫ್ಲುಟಿಕಸೋನ್ ಪಫ್ ಕೊಡುತ್ತೇವೆ, ನಾಯಿಯ ಸ್ಪೇಸರ್ (ಮುಖಕ್ಕೆ ಹಿಡಿಯುವ ಕೊಳವೆ) ಹಾಕಿ. ಹೊಗೆ ದಿನ ಒಂದು ಪಫ್ ಜಾಸ್ತಿ ಕೊಡಬಹುದಾ?

ಶರಾವತಿ_ದಂಡೆ

ನೀವಾಗೇ ಜಾಸ್ತಿ ಮಾಡಬೇಡಿ. ಫ್ಲುಟಿಕಸೋನ್ ನಿಧಾನವಾಗಿ ಕೆಲಸ ಮಾಡುವ ಸ್ಟೀರಾಯ್ಡ್, ಆ ಕ್ಷಣಕ್ಕೆ ಉಬ್ಬಸ ಇಳಿಸುವುದಿಲ್ಲ. ಈಗಲೇ ಡಾಕ್ಟರ್ ಹತ್ತಿರ ಹೋಗಿ ‘ಹೊಗೆ ಬಂದರೆ ಏನು ಮಾಡಲಿ’ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಔಷಧಿ ಮುಗಿಯುವ ಮುಂಚೆಯೇ ರೀಫಿಲ್ ಮಾಡಿಸಿ.

ಬಸವನಗುಡಿ ಸರ್, ನಿಮಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಗುಂಡನ ತೂಕ ಎಷ್ಟು?

ಬಸವನಗುಡಿ_ಪಗ್

ಹೆಸರಿಗೆ ತಕ್ಕ ಹಾಗೇ ಇದ್ದಾನೆ ಮೇಡಂ. 11 ಕಿಲೋ ಹತ್ತಿರ. ಅಮ್ಮ ತುಪ್ಪದ ಅನ್ನ ಹಾಕುತ್ತಾರೆ.

ಶರಾವತಿ_ದಂಡೆ

ಪಗ್ 8 ಕಿಲೋ ಆಸುಪಾಸು ಇದ್ದರೆ ಸಾಕು. ಎದೆ, ಗಂಟಲಿನ ಸುತ್ತ ಕೊಬ್ಬು ಕೂತರೆ ಗಾಳಿ ದಾರಿ ಇನ್ನೂ ಕಿರಿದಾಗುತ್ತದೆ. ನನ್ನ ಕೇಳಿದರೆ ಯಾವ ಪ್ಯೂರಿಫೈಯರ್‌ಗಿಂತಲೂ ಇದು ಮುಖ್ಯ. ತುಪ್ಪದ ಅನ್ನ ನಿಲ್ಲಿಸಿ. ಹೊಳ್ಳೆ ಅಗಲಿಸುವ, ಅಂಗುಳು ಕತ್ತರಿಸುವ ಆಪರೇಷನ್ ಬಗ್ಗೆಯೂ ಕೇಳಿ. ವಯಸ್ಸು ನೋಡಿ ಅನಸ್ತೇಷಿಯಾ ಆಗುತ್ತಾ ಇಲ್ಲವಾ ಅಂತ ಅವರೇ ಹೇಳುತ್ತಾರೆ. ಮಾಡಿಸುವುದಾದರೆ ಹೊಗೆ ಸೀಸನ್ನಿಗೆ ಮುಂಚೆ ಮಾಡಿಸಿ, ಗಾಯ ಮಾಗಲು ಸಮಯ ಬೇಕು.

ಗಿರಿಜಕ್ಕ_ಫ್ರೀಮಾಂಟ್

ಅಮ್ಮನ ಕೈಯಿಂದ ತುಪ್ಪದ ಅನ್ನ ಬಿಡಿಸೋದು ಆಪರೇಷನ್‌ಗಿಂತ ಕಷ್ಟ ಕಣಪ್ಪ.

ಬಸವನಗುಡಿ_ಪಗ್

ನಿಜ ಅಕ್ಕಾ. ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ತಟ್ಟೆಯಲ್ಲಿ ಬೇಯಿಸಿದ ಬೀನ್ಸ್ ಹಾಕುವುದು, ಅಮ್ಮನೇ ಕೈಯಾರೆ ತಿನ್ನಿಸುವುದು. ಗುಂಡ ಮೂಸಿ ಮುಖ ತಿರುಗಿಸಿದ, ಸಂಜೆಗೆ ತಿಂದ. ಡಾಕ್ಟರ್ ಅಪಾಯಿಂಟ್‌ಮೆಂಟ್ ಆಗಿದೆ. ಫ್ಯಾನ್, ಫಿಲ್ಟರ್ ತಂದಾಯಿತು. ಫಿಲ್ಟರ್ ಅಂಚಿನಲ್ಲಿ ಬಾಣದ ಗುರುತು ಇದೆ. ಅದು ಯಾವ ಕಡೆ ಇರಬೇಕು?

ಬೆಣ್ಣೆದೋಸೆ

ನಾಲ್ಕೂ ಬಾಣ ಪೆಟ್ಟಿಗೆ ಒಳಗಡೆಗೆ. ಫ್ಯಾನನ್ನು ಪೆಟ್ಟಿಗೆ ಮೇಲೆ ಮಲಗಿಸಿ, ಗಾಳಿ ಚಾವಣಿ ಕಡೆ ಹೋಗಬೇಕು. ಫ್ಯಾನ್‌ನ ನಾಲ್ಕು ಮೂಲೆಯಲ್ಲಿ ರೆಕ್ಕೆ ಮುಟ್ಟದ ಜಾಗ ಇರುತ್ತದಲ್ಲ, ಅಲ್ಲಿ ರಟ್ಟು ಕತ್ತರಿಸಿ ಅಂಟಿಸಿ. ಇಲ್ಲದಿದ್ದರೆ ಅಲ್ಲಿಂದ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಮೂಲೆಗೆ ಟೇಪ್ ಎರಡು ಸುತ್ತು ಹಾಕಿ. ಫ್ಯಾನ್ ಹೊಸದಾಗಿರಲಿ, ಸುರಕ್ಷತೆ ಪರೀಕ್ಷೆ ಆಗಿದೆ ಅನ್ನುವ ಯುಎಲ್ ಗುರುತು ಇದೆಯಾ ನೋಡಿ.

ಕಾಫಿಪುಡಿ

ವೈರನ್ನು ಮಂಚದ ಹಿಂದಿನಿಂದ ಎಳೆಯಿರಿ, ಬೀನ್ಸ್ ಸಿಟ್ಟು ಅದರ ಮೇಲೆ ತೀರಿಸಿಕೊಂಡಾನು. ಈಗಲೇ ಒಂದು ರಾತ್ರಿ ಓಡಿಸಿ ನೋಡಿ. ಆ ಸದ್ದಿಗೆ ಗುಂಡ ಅಭ್ಯಾಸ ಆಗಬೇಕು, ಅವನ ಗೊರಕೆಗೆ ನೀವು ಆದ ಹಾಗೆ.